ಹುಳ ಬಂದಿದೆ

ಶಿಷ್ಯನು ಕೇಳಿದನು: "ಗುರುಗಳೇ, ಕೆಲವು ದಿನಗಳಿಂದ ಮನಸ್ಸಿಗೆ ಏನೋ ಬೇಸರ. ಜಪ ಹೆಚ್ಚಿಸಿದೆ, ಹೋಗಲಿಲ್ಲ. ಒಂದು ಹೊತ್ತಿನ ಊಟ ಬಿಟ್ಟೆ, ಹೋಗಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಕುಳಿತೆ, ಆಗಲೂ ಹೋಗಲಿಲ್ಲ. ಇದಕ್ಕೆ ಔಷಧವೇನು?"

ಗುರುಗಳು ಮಠಕ್ಕೆ ಬರುವ ಮೊದಲು ಮೂವತ್ತು ವರ್ಷ ಕಾಳಿನ ವ್ಯಾಪಾರ ಮಾಡಿದವರು. ಕೇಳಿದ ಕೂಡಲೇ ಉತ್ತರ ಕೊಡುವ ಅಭ್ಯಾಸ ಅವರಿಗೆ ಇರಲಿಲ್ಲ. ಮಾದರಿ ನೋಡದೆ ದರ ಹೇಳುವವನು ವ್ಯಾಪಾರಿಯಲ್ಲ ಎನ್ನುತ್ತಿದ್ದರು. ಅವರು ಶಿಷ್ಯನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಾಳಿನ ವ್ಯಾಪಾರಿ ಇದ್ದನು. ಊರಿನ ಬೆನ್ನಿಗೆ ಬಂಡೆಗಳ ಗುಡ್ಡ. ಗುಡ್ಡದ ಬುಡದಲ್ಲೇ ಅವನ ಮನೆ. ಮುಂದೆ ಅಂಗಡಿ, ನಡುವೆ ವಾಸ, ಹಿಂದೆ ಉಗ್ರಾಣ. ಉಗ್ರಾಣದಲ್ಲಿ ಜೋಳ, ತೊಗರಿ, ಕಡಲೆ. ಕಾಳು ಇದ್ದಲ್ಲಿ ಇಲಿ ಇರುತ್ತದೆ. ಇಲಿ ಇದ್ದಲ್ಲಿ ಇಲಿಯನ್ನು ಹುಡುಕಿಕೊಂಡು ಬರುವವರೂ ಇರುತ್ತಾರೆ. ಗುಡ್ಡದಿಂದ ಮುಂಗುಸಿ ಇಳಿದು ಬರುತ್ತಿತ್ತು. ಉಡ ಬರುತ್ತಿತ್ತು. ಕೆಲವೊಮ್ಮೆ ನರಿಯೂ ಹಿತ್ತಲಿಗೆ ಬಂದು ಮೂಸಿ ಹೋಗುತ್ತಿತ್ತು. ವ್ಯಾಪಾರಿ ಇದಕ್ಕೆಲ್ಲ ತಲೆ ಕೆಡಿಸಿಕೊಂಡವನಲ್ಲ. "ಗುಡ್ಡ ನಮಗಿಂತ ಮೊದಲೇ ಅಂಗಡಿ ತೆರೆದಿದೆ. ಅದರ ಗಿರಾಕಿಗಳು ಅದಕ್ಕೆ, ನನ್ನವರು ನನಗೆ" ಎನ್ನುತ್ತಿದ್ದನು.

ಅವನು ಜಾಣ. ಒಂದು ಹಿಡಿ ಜೋಳ ಅಂಗೈಗೆ ಹಾಕಿಕೊಂಡರೆ ಸಾಕು. ಅದು ಎರೆಹೊಲದ್ದೋ ಕೆಂಪು ನೆಲದ್ದೋ, ಎಷ್ಟು ದಿನ ಒಣಗಿದ್ದು, ತೂಕ ಬರಲಿ ಎಂದು ಯಾರಾದರೂ ನೀರು ಚಿಮುಕಿಸಿದ್ದಾರೋ, ಎಲ್ಲವನ್ನೂ ಹೇಳುತ್ತಿದ್ದನು. ಅವನ ಅಪ್ಪ, ಅಜ್ಜ ಇದೇ ಕೆಲಸ ಮಾಡಿದವರು. ಆ ಮನೆತನಕ್ಕೆ ಶತ್ರು ಎಂದರೆ ಒಂದೇ. ಅದು ಕಾಳಿಗೆ ಬೀಳುವ ಹುಳ. ಆ ಮನೆಯ ಕೂಸುಗಳು ಅಪ್ಪ, ಅಮ್ಮ ಎನ್ನುವ ಮೊದಲು ಹುಳ ಎನ್ನುವುದನ್ನು ಕಲಿಯುತ್ತವೆ ಎಂದು ಬೀದಿಯವರು ನಗೆಯಾಡುತ್ತಿದ್ದರು.

ಅವನ ಹೆಂಡತಿ ಗುಡ್ಡದ ಆಚೆಯ ಹಳ್ಳಿಯವಳು. ಅವಳ ತವರಿನ ಸುತ್ತ ಹೊಲ, ಹುತ್ತ, ಪೊದೆ. ಅಲ್ಲಿ ಒಂದು ಪದ್ಧತಿ. ಮನೆಯೊಳಗೆ ಹಾವಿನ ಹೆಸರು ಹೇಳಬಾರದು. ಹೆಸರು ಹೇಳಿದರೆ ಕರೆದಂತೆ, ಕರೆದರೆ ಬಂದುಬಿಡುತ್ತದೆ. ಹೇಳಲೇಬೇಕಾದರೆ ಹುಳ ಎನ್ನಬೇಕು. ಹುಳ ಕಂಡಿತು, ಹುಳ ಹಾದು ಹೋಯಿತು, ಹುಳ ಮುಟ್ಟಿತು. ಕೇಳಿದವರಿಗೆ ಅರ್ಥವಾಗುತ್ತದೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಜನ ಇಂದಿಗೂ ಹೀಗೆಯೇ ಮಾತಾಡುತ್ತಾರೆ, ನೀನೂ ಕೇಳಿರುತ್ತೀಯ.

ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು. ಗಂಡನ ಹುಳ ಬೇರೆ, ಹೆಂಡತಿಯ ಹುಳ ಬೇರೆ ಎಂಬುದು ಅಷ್ಟು ವರ್ಷದಲ್ಲಿ ಇಬ್ಬರಿಗೂ ಗೊತ್ತಾಗಿರಲಿಲ್ಲ. ಕಾಳಿನ ಮಾತು ಅಂಗಡಿಯಲ್ಲೇ ಉಳಿಯುತ್ತಿತ್ತು, ಗೊತ್ತಾಗುವ ಸಂದರ್ಭ ಬಂದಿರಲಿಲ್ಲ.

ಒಂದು ದಿನ ಬೆಳಿಗ್ಗೆ ಹೆಂಡತಿ ರೊಟ್ಟಿಯ ಹಿಟ್ಟಿಗೆ ಜೋಳ ತರಲು ಮೊರ ಹಿಡಿದು ಉಗ್ರಾಣಕ್ಕೆ ಹೋದಳು. ಚೀಲಗಳ ಸಾಲಿನ ಮುಂದೆ ನಾಗರಹಾವು ಮಲಗಿತ್ತು. ಮಾರುದ್ದ ಇತ್ತು. ಅವಳ ಹೆಜ್ಜೆ ಕೇಳಿ ತಲೆ ಎತ್ತಿತು. ಆಮೇಲೆ ಎರಡು ಚೀಲಗಳ ಸಂದಿಯಲ್ಲಿ ಸರಿದು ಹೋಯಿತು. ಅವಳು ಮೊರವನ್ನು ಅಲ್ಲೇ ಬಿಟ್ಟು ಅಂಗಡಿಗೆ ಬಂದಳು. ಗಂಡ ತಕ್ಕಡಿಯ ತಟ್ಟೆ ಒರೆಸುತ್ತಿದ್ದನು.

"ರೀ, ಉಗ್ರಾಣದಲ್ಲಿ ಹುಳ ಬಂದಿದೆ."

ವ್ಯಾಪಾರಿ ತಟ್ಟೆಯನ್ನು ಕೆಳಗಿಟ್ಟನು. "ಎಲ್ಲಿ?"

"ಜೋಳದ ಚೀಲದ ಹತ್ತಿರ."

"ನೀನೇ ನೋಡಿದೆಯೋ, ಯಾರಾದರೂ ಹೇಳಿದರೋ?"

"ಕಣ್ಣಾರೆ ನೋಡಿದೆ."

"ಕೆಂಪಗಿತ್ತೋ ಕಪ್ಪಗಿತ್ತೋ?"

"ಕಪ್ಪಗೆ."

"ಕಪ್ಪು ಬಲು ಕೆಟ್ಟದ್ದು. ಎಷ್ಟಿದ್ದವು?"

"ಒಂದೇ. ನನ್ನನ್ನು ಕಂಡ ಕೂಡಲೇ ಸಂದಿಗೆ ಹೋಯಿತು."

ವ್ಯಾಪಾರಿ ನಕ್ಕನು. "ಒಂದೇ ಅಂತೆ! ಒಂದು ಕಣ್ಣಿಗೆ ಬಿದ್ದರೆ ಒಳಗೆ ಸಾವಿರ ಇದೆ ಅಂತ ತಿಳಿಯಬೇಕು ಕಣೇ."

ಹೆಂಡತಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಸಾವಿರವೇ?"

"ಕಡಿಮೆಯೇ ಹೇಳಿದೆ. ನೀನು ಹೆದರಬೇಡ. ಇವತ್ತೇ ಎಲ್ಲ ಕಂಡಿ ಮುಚ್ಚಿ, ಗಾಳಿ ಆಡದ ಹಾಗೆ ಮೆತ್ತಿಬಿಡುತ್ತೇನೆ. ಹನ್ನೆರಡು ದಿನ ಸಾಕು. ಉಸಿರು ಕಟ್ಟಿ ಸಾಯುತ್ತವೆ."

"ಸಾಯಿಸುವುದು ಬೇಡ ರೀ, ಪಾಪ ಸುತ್ತಿಕೊಳ್ಳುತ್ತದೆ. ಬಾಗಿಲು ತೆರೆದಿಟ್ಟರೆ ತಾನಾಗಿಯೇ ಹೋಗುತ್ತದೆ."

"ತೆರೆದಿಟ್ಟರೆ ಹೋಗುತ್ತದೆಯೇ? ಬಂಧುಬಳಗವನ್ನೂ ಕರೆದುಕೊಂಡು ಬರುತ್ತದೆ. ಪಾಪ ಅಂತೆ! ಹಾಗೆ ಪಾಪ ಸುತ್ತುವುದಾಗಿದ್ದರೆ ನಮ್ಮ ವಂಶ ಎಂದೋ ಅಳಿಯಬೇಕಿತ್ತು. ನಮ್ಮಪ್ಪ ಲಕ್ಷಗಟ್ಟಲೆ ಕೊಂದಿದ್ದಾನೆ. ಬೆರಳಲ್ಲೇ ಹೊಸಕಿಹಾಕುತ್ತಿದ್ದ."

ಮಾವನನ್ನು ಅವಳು ಗೋಡೆಯ ಮೇಲಿನ ಪಟದಲ್ಲಿ ಮಾತ್ರ ನೋಡಿದ್ದಳು. ಸಾಧು ಮುಖದ ಮನುಷ್ಯ. ನೋಡಿದರೆ ಹಾಗೆ ಕಾಣುತ್ತಿರಲಿಲ್ಲ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕಾಳಿಗೆ ಹುಳ ಬೀಳುತ್ತದೆ ಎನ್ನುತ್ತೇವೆ. ಹುಳ ಹಿಡಿಯಿತು ಎನ್ನುತ್ತೇವೆ. ಹುಳ ಬಂತು ಎನ್ನುವುದು ಅಪರೂಪ. ಹೆಂಡತಿ ಬಂದಿದೆ ಎಂದಳು. ಗುಂಜಿ ತೂಕದ ವ್ಯತ್ಯಾಸವನ್ನೂ ಬಿಡದ ವ್ಯಾಪಾರಿ ಆ ಒಂದು ಮಾತನ್ನು ತೂಗದೆ ತೆಗೆದುಕೊಂಡನು. ಗೊತ್ತಿಲ್ಲದ ಸರಕನ್ನು ಎಲ್ಲರೂ ಬಿಚ್ಚಿ ನೋಡುತ್ತಾರೆ. ಗೊತ್ತಿರುವ ಸರಕಿನಲ್ಲೇ ಮನುಷ್ಯ ಮೋಸ ಹೋಗುವುದು.

ವ್ಯಾಪಾರಿ ಎರಡು ಹೊರೆ ಒಣಗಿದ ಬೇವಿನ ಸೊಪ್ಪು ತರಿಸಿದನು. ಪಂಚೆ ಎತ್ತಿ ಕಟ್ಟಿ, ಬರಿಗಾಲಲ್ಲಿ ಉಗ್ರಾಣದೊಳಗೆ ಹೋದನು. ಮೊದಲು ಒಂದು ಹಿಡಿ ಜೋಳ ತೆಗೆದು ನೋಡಿದನು. ಅದರಲ್ಲಿ ಎರಡು ಹುಳ ಇದ್ದವು. ಎರಡು ಹುಳ ಇಲ್ಲದ ಉಗ್ರಾಣ ಯಾವ ಊರಿನಲ್ಲಿದೆ? ಆದರೆ ಅವನು ಹುಡುಕಿದ್ದು ಅದನ್ನೇ, ಸಿಕ್ಕಿದ್ದೂ ಅದೇ. ಅವನಿಗೆ ಸಂಶಯ ಉಳಿಯಲಿಲ್ಲ. ಚೀಲ ಚೀಲದ ನಡುವೆ ಮೊಣಕೈ ತನಕ ತೋಳು ತೂರಿಸಿ ಸೊಪ್ಪು ತುರುಕಿದನು. ಬಾಯಲ್ಲಿ ಏನೋ ಹಾಡು ಗುನುಗುತ್ತಿದ್ದನು.

ಹಾವು ಚೀಲಗಳ ಕೆಳಗಿನ ಹಲಗೆಗಳ ಅಡಿಯಲ್ಲಿ ಸೇರಿ ಸುಮ್ಮನಿತ್ತು. ಅದಕ್ಕೂ ಜಗಳ ಬೇಕಿರಲಿಲ್ಲ.

ಹೆಂಡತಿ ಬಾಗಿಲಲ್ಲಿ ಕೈ ಮುಗಿದು ನಿಂತಿದ್ದಳು. ಹನ್ನೊಂದು ವರ್ಷದಿಂದ ಅವಳು ಗಂಡನನ್ನು ಪುಕ್ಕಲು ಎಂದೇ ತಿಳಿದಿದ್ದಳು. ತೂಕದ ಕಲ್ಲು ಕಾಲಿನ ಮೇಲೆ ಬಿದ್ದರೆ ಮೂರು ಮನೆಗೆ ಕೇಳುವಂತೆ ಕೂಗುವವನು. ಹಲ್ಲು ಕೀಳಿಸಿಕೊಳ್ಳಲು ಹೋಗಿ ಅರ್ಧ ದಾರಿಯಿಂದ ವಾಪಸು ಬಂದವನು. ಅಂಥವನು ಈಗ ಹಾಡುತ್ತ ಸಂದಿಸಂದಿಗೆ ಕೈ ಹಾಕುತ್ತಿದ್ದಾನೆ. ಅವನು ಹೊರಗೆ ಬಂದು ಕೈ ಕೊಡವಿಕೊಂಡಾಗ ಅವಳೇ ಚೊಂಬಿನಲ್ಲಿ ನೀರು ತಂದು ಕೈಗೆ ಹಾಕಿದಳು. ಮದುವೆಯ ಮೊದಲ ತಿಂಗಳಾದ ಮೇಲೆ ಅವಳು ಹಾಗೆ ಮಾಡಿರಲಿಲ್ಲ. ವ್ಯಾಪಾರಿಗೆ ಆಶ್ಚರ್ಯವಾಯಿತು. ಬೇವಿನ ಸೊಪ್ಪಿಗೆ ಇಷ್ಟು ಮರ್ಯಾದೆಯೇ ಎಂದುಕೊಂಡನು.

ಮನೆಗೆ ಬೇಕಾದಷ್ಟು ಜೋಳವನ್ನು ಹೊರಗಿಟ್ಟು ಬಾಗಿಲು ಹಾಕಿದನು. ಮಣ್ಣು, ಸಗಣಿ ಕಲಸಿ ಬಾಗಿಲ ಸಂದು ಮೆತ್ತಿದನು. ಗೋಡೆಯ ಎರಡು ಬೆಳಕಿಂಡಿಗಳನ್ನು ಮುಚ್ಚಿದನು. ಹಿಂದೆ ನೀರು ಹೋಗುವ ಕಂಡಿ ಇತ್ತು, ಅದನ್ನೂ ಮುಚ್ಚಿದನು. ಹಾವು ಬಂದದ್ದು ಆ ಕಂಡಿಯಿಂದಲೇ. ಹೋಗಬೇಕಾದದ್ದೂ ಅಲ್ಲಿಂದಲೇ.

ಮರುದಿನ ಹೆಂಡತಿ ಪಕ್ಕದ ಮನೆಯ ಮುದುಕಿಗೆ ವಿಷಯ ಹೇಳಿದಳು. "ಉಗ್ರಾಣದೊಳಗೆ ಹುಳ ಸೇರಿತ್ತು ಅಜ್ಜೀ. ನಮ್ಮವರು ಬರಿಗೈಯಲ್ಲಿ ಒಳಗೆ ಹೋಗಿ, ಎಲ್ಲ ಸಂದಿಗೂ ಕೈ ಹಾಕಿ, ಹಾಡಿಕೊಂಡು ಬಂದರು."

ಮುದುಕಿಯೂ ಹಳ್ಳಿಯವಳೇ. "ಹಾಡಿಕೊಂಡೇ?" ಎಂದು ಎರಡು ಸಲ ಕೇಳಿದಳು. ಮಧ್ಯಾಹ್ನದ ಹೊತ್ತಿಗೆ ಬೀದಿಗೆಲ್ಲ ಗೊತ್ತಾಯಿತು.

ಎದುರಿನ ಎಣ್ಣೆ ಅಂಗಡಿಯವನು ಬಂದು ನಿಂತನು. "ಏನು ಸಾಹುಕಾರರೇ, ಹುಳಕ್ಕೆ ಹೆದರಲೇ ಇಲ್ಲವಂತೆ?"

"ಹುಳಕ್ಕೆ ಹೆದರುವುದೇ? ನಾನು ಹುಟ್ಟಿ ಬೆಳೆದದ್ದೇ ಅವುಗಳ ನಡುವೆ. ತೊಟ್ಟಿಲಲ್ಲಿದ್ದಾಗ ಮೈಮೇಲೆ ಹರಿದಾಡುತ್ತಿದ್ದವಂತೆ, ನಮ್ಮವ್ವ ಹೇಳುತ್ತಿದ್ದಳು."

"ಕಚ್ಚಲಿಲ್ಲವೇ?"

"ಕಚ್ಚಿದರೆ ಏನಾಗುತ್ತದೆ? ಒಂದಿಷ್ಟು ತುರಿಕೆ."

ಎಣ್ಣೆಯವನು ಎರಡು ಹೆಜ್ಜೆ ಹಿಂದೆ ಸರಿದು ತನ್ನ ಅಂಗಡಿಗೆ ಹೋದನು. ಆವತ್ತಿನಿಂದ ಬೀದಿಯಲ್ಲಿ ವ್ಯಾಪಾರಿಗೆ ದಾರಿ ಬಿಟ್ಟು ನಿಲ್ಲುವವರು ಹೆಚ್ಚಾದರು. ಇಷ್ಟು ದಿನ ತೂಕದಲ್ಲಿ ಜಗಳ ತೆಗೆಯುತ್ತಿದ್ದ ಗಿರಾಕಿಗಳು ಕೊಟ್ಟಷ್ಟು ಕಟ್ಟಿಕೊಂಡು ಹೋದರು. ವ್ಯಾಪಾರಿ ಇದೆಲ್ಲ ತನ್ನ ಮಾಲಿನ ಗುಣ ಎಂದುಕೊಂಡನು. ಮರ್ಯಾದೆ ಸುಮ್ಮನೆ ಸಿಕ್ಕಾಗ ಯಾಕೆ ಸಿಕ್ಕಿತು ಎಂದು ಯಾರೂ ಕೇಳುವುದಿಲ್ಲ.

ಹನ್ನೆರಡು ದಿನ ಕಳೆದವು. ವ್ಯಾಪಾರಿ ಚೀಲದಂತೆ ಬಿದ್ದು ನಿದ್ದೆ ಮಾಡಿದನು. ಹೆಂಡತಿಗೆ ನಿದ್ದೆ ಇರಲಿಲ್ಲ. ಮುಚ್ಚಿದ ಕಂಡಿಯ ಮುಂದೆ ದಿನವೂ ಒಂದು ಬಟ್ಟಲು ಹಾಲಿಟ್ಟು, ತಪ್ಪಾಯಿತು ಎಂದು ಕೆನ್ನೆ ಬಡಿದುಕೊಂಡು ಬರುತ್ತಿದ್ದಳು. ಹಾಲನ್ನು ಬೀದಿಯ ಬೆಕ್ಕು ಕುಡಿಯುತ್ತಿತ್ತು. ಒಂದು ದಿನ ಊಟಕ್ಕೆ ಬಡಿಸುವಾಗ ಅವಳು ತಡೆಯಲಾರದೆ ಕೇಳಿದಳು. "ಅಷ್ಟು ದಿನ ಒಳಗೆ ಅದು ಏನು ತಿನ್ನುತ್ತದೆ ರೀ?"

"ನಮ್ಮ ಜೋಳ ತಿನ್ನುತ್ತದೆ. ಇನ್ನೇನು, ನಿನ್ನ ಹಾಗೆ ರೊಟ್ಟಿ ತಟ್ಟಿಕೊಳ್ಳುತ್ತದೆಯೇ?"

ಅವಳು ನಕ್ಕುಬಿಟ್ಟಳು. ಇಂಥ ಹೊತ್ತಿನಲ್ಲೂ ತಮಾಷೆ ಮಾಡುವ ಎದೆ ಎಷ್ಟು ಜನಕ್ಕೆ ಇರುತ್ತದೆ ಎಂದುಕೊಂಡಳು.

ಇಬ್ಬರೂ ಒಂದೇ ಮನೆಯಲ್ಲಿ ಇದ್ದರು. ಒಂದೇ ಮಾತು ಆಡುತ್ತಿದ್ದರು. ಒಂದೇ ಬಾಗಿಲನ್ನು ನೋಡುತ್ತಿದ್ದರು. ಬಾಗಿಲ ಹಿಂದೆ ಇರುವುದು ಮಾತ್ರ ಒಬ್ಬೊಬ್ಬರಿಗೆ ಒಂದೊಂದಾಗಿತ್ತು.

ಹದಿಮೂರನೆಯ ದಿನ ಬೆಳಿಗ್ಗೆ ದೂರದ ಊರಿನಿಂದ ಒಬ್ಬ ಗಿರಾಕಿ ಜೋಳ ಕೊಳ್ಳಲು ಗಾಡಿ ಹೂಡಿಕೊಂಡು ಬಂದನು. ಉಗ್ರಾಣ ತೆರೆಯುವ ದಿನವೂ ಅದೇ. ವ್ಯಾಪಾರಿ ಹಿಂದಿನ ಅಂಗಳಕ್ಕೆ ಬಂದು ನೋಡಿದರೆ ಅರ್ಧ ಬೀದಿ ಅಲ್ಲಿ ನೆರೆದಿತ್ತು. ಎಣ್ಣೆ ಅಂಗಡಿಯವನು ಬಂದಿದ್ದನು. ಮುದುಕಿ ಕೋಲು ಹಿಡಿದು ಕುಳಿತಿದ್ದಳು. ಉಳಿದವರು ದೂರದಲ್ಲಿ, ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು.

"ಇವರೆಲ್ಲ ಯಾಕೆ ಬಂದಿದ್ದಾರೆ?" ಎಂದು ಹೆಂಡತಿಯನ್ನು ಕೇಳಿದನು.

"ನಿಮ್ಮನ್ನು ನೋಡಲು," ಎಂದಳು. ಅವಳ ದನಿಯಲ್ಲಿ ಹೆಮ್ಮೆಯೂ ಇತ್ತು, ನಡುಕವೂ ಇತ್ತು.

ವ್ಯಾಪಾರಿ ಒಳಗೆ ಹೋಗಿ ಒಗೆದ ಪಂಚೆ ಉಟ್ಟು ಬಂದನು.

ಬಾಗಿಲಿಗೆ ಮೆತ್ತಿದ್ದ ಒಣ ಮಣ್ಣನ್ನು ಕೆರೆದು ತೆಗೆದನು. ಬಾಗಿಲು ತಳ್ಳಿದನು. ಹೊರಗೆ ಬಿಸಿಲು, ಒಳಗೆ ಕತ್ತಲು. ಅವನ ಕಣ್ಣು ಇನ್ನೂ ಕತ್ತಲಿಗೆ ಹೊಂದಿರಲಿಲ್ಲ. ಬಾಗಿಲ ಹತ್ತಿರದ ಚೀಲದ ಬಾಯಿ ಬಿಚ್ಚಿ, ಒಂದು ಹಿಡಿ ಜೋಳ ತೆಗೆದು, ಬೆಳಕಿನ ಕಡೆ ತಿರುಗಿ ಅಂಗೈ ಚಾಚಿದನು. ಒಂದು ಹುಳವೂ ಇರಲಿಲ್ಲ. ಅವನಿಗೆ ಹಿಗ್ಗಾಯಿತು. ಎಲ್ಲರಿಗೂ ಕೇಳುವಂತೆ ಕೂಗಿದನು.

"ನೋಡಿರಪ್ಪಾ! ಒಂದೇ ಒಂದು ಹುಳ ತೋರಿಸಿ, ಈ ಚೀಲ ಬಿಟ್ಟಿ ಕೊಡುತ್ತೇನೆ!"

ಅವನ ಬೆನ್ನ ಹಿಂದೆ, ಎರಡನೆಯ ಚೀಲದ ಮೇಲೆ, ನಾಗರಹಾವು ಹೆಡೆ ಎತ್ತಿ ನಿಂತಿತ್ತು.

"ಹುಳ!" ಎಂದನು ಎಣ್ಣೆಯವನು, ಬೆರಳು ಚಾಚಿ.

"ಎಲ್ಲಿದೆ?" ವ್ಯಾಪಾರಿ ಅಂಗೈಯನ್ನು ಕಣ್ಣಿನ ಹತ್ತಿರ ತಂದುಕೊಂಡನು.

"ಹುಳ! ಹುಳ!" ಎಂದು ನಾಲ್ಕಾರು ಜನ ಒಟ್ಟಿಗೆ ಕೂಗಿದರು.

"ಸುಳ್ಳು ಹೇಳಬೇಡಿ. ಬಿಟ್ಟಿ ಸಿಗುತ್ತದೆ ಅಂದ ಕೂಡಲೇ ಎಲ್ಲರಿಗೂ ಹುಳ ಕಾಣುತ್ತದೆ. ಇರಿ, ಇನ್ನೊಂದು ಹಿಡಿ ತೆಗೆಯುತ್ತೇನೆ," ಎಂದು ವ್ಯಾಪಾರಿ ನೋಡದೆಯೇ ಹಿಂದಕ್ಕೆ ಕೈ ಚಾಚಿದನು. ಕೈ ಹೋದದ್ದು ಎರಡನೆಯ ಚೀಲದ ಕಡೆಗೆ.

ಹೆಂಡತಿ ಅವನ ಅಂಗೈಯನ್ನು ನೋಡಿದಳು. ಜೋಳದಲ್ಲಿ ಅವನು ಹುಡುಕುತ್ತಿರುವುದು ಏನೆಂದು ನೋಡಿದಳು. ಹನ್ನೆರಡು ದಿನದ ಧೈರ್ಯ ಎಂಥದ್ದೆಂದು ಅವಳಿಗೆ ಆ ಒಂದು ಗಳಿಗೆಯಲ್ಲಿ ತಿಳಿಯಿತು. ಹುಟ್ಟಿದಾಗಿನಿಂದ ಮನೆಯೊಳಗೆ ಆಡದ ಮಾತನ್ನು ಅವಳು ಗಂಟಲು ಹರಿಯುವಂತೆ ಕೂಗಿದಳು.

"ಹಾವು ರೀ! ಹಾವು! ನಾಗರಹಾವು!"

ಚಾಚಿದ ಕೈ ಇದ್ದಲ್ಲೇ ನಿಂತಿತು. ಹೆಡೆಗೂ ಬೆರಳಿಗೂ ನಡುವೆ ಒಂದು ಗೇಣು ಇತ್ತು.

"ಕೈ ಆಡಿಸಬೇಡಿ. ಮೆಲ್ಲಗೆ ಮುಂದೆ ಬನ್ನಿ. ಇನ್ನೊಂದು ಹೆಜ್ಜೆ. ಇನ್ನೊಂದು," ಎಂದಳು ಹೆಂಡತಿ.

ವ್ಯಾಪಾರಿ ಬಂದನು. ಬಾಗಿಲು ದಾಟಿದ ಮೇಲೆ ಹಿಂತಿರುಗಿ ನೋಡಿದನು. ಅಲ್ಲೇ ಅಂಗಳದಲ್ಲಿ ಕುಳಿತುಬಿಟ್ಟನು. ಒಗೆದ ಪಂಚೆಗೆ ಮಣ್ಣಾಯಿತು. ಆಮೇಲೆ ಮುದುಕಿ ಹೇಳಿದಳು: "ಅಯ್ಯೋ ನಿನ್ನ ಮನೆ ಹಾಳಾಗ! ಗೊತ್ತೇ ಇರಲಿಲ್ಲವೇನೋ ನಿನಗೆ?"

ವ್ಯಾಪಾರಿ ಎದ್ದವನೇ ಮಾಡಹೊರಟ ಮೊದಲ ಕೆಲಸ ಏನು ಗೊತ್ತೇ? ಬಾಗಿಲು ಎಳೆದು ಹಾಕಲು ಹೋದನು. ಮಣ್ಣು ಕಲಸಿ ತನ್ನಿ ಎಂದನು. ಹೆದರಿದವನಿಗೆ ಮುಚ್ಚುವುದೊಂದೇ ಗೊತ್ತು.

ಹೆಂಡತಿ ಅವನ ಕೈ ಹಿಡಿದಳು. "ಮತ್ತೆ ಮುಚ್ಚುತ್ತೀರಾ? ಅದು ಹುಳವಲ್ಲ, ಹಾವು. ಹುಳಕ್ಕೆ ಮುಚ್ಚಬೇಕು, ಹಾವಿಗೆ ತೆರೆಯಬೇಕು."

ಅವಳ ಮಾತಿನಂತೆ ಎಲ್ಲವನ್ನೂ ತೆರೆದರು. ಉದ್ದನೆಯ ಗಳದಿಂದ ಹೊರಗಿನಿಂದಲೇ ಬೆಳಕಿಂಡಿಗಳ ಮಣ್ಣು ಕೆಡವಿದರು. ನೀರಿನ ಕಂಡಿಯನ್ನು ಬಿಡಿಸಿದರು. ಬಾಗಿಲು ಹಾಗೆಯೇ ಬಿಟ್ಟರು. ಆಮೇಲೆ ಎಲ್ಲರೂ ಪಕ್ಕದ ಮನೆಯ ಕಲ್ಲುಕಟ್ಟೆಗೆ ಹೋಗಿ ಕುಳಿತರು. ಗಿರಾಕಿಯೂ ಎತ್ತುಗಳ ಕೊರಳ ಹಗ್ಗ ಬಿಚ್ಚಿ ಬಂದು ಕುಳಿತನು. ಹೊತ್ತು ಏರಿತು. ಹಾವು ಬರಲಿಲ್ಲ. "ನಾನು ಸಂಜೆಯೊಳಗೆ ಊರು ಸೇರಬೇಕು," ಎಂದನು ಗಿರಾಕಿ. "ಅದಕ್ಕೆ ಹೋಗಿ ಹೇಳು," ಎಂದಳು ಮುದುಕಿ.

ವ್ಯಾಪಾರಿ ಅಂಗಡಿಯಿಂದ ಎರಡು ಸೇರು ಹುರಿಗಡಲೆ ತಂದು ಎಲ್ಲರ ಕೈಗೂ ಹಾಕಿದನು. ಅಷ್ಟು ಉದಾರಿಯಾಗಿ ಅವನನ್ನು ಯಾರೂ ನೋಡಿರಲಿಲ್ಲ. ಎಣ್ಣೆಯವನು ಕಡಲೆ ಅಗಿಯುತ್ತ ಕೇಳಿದನು: "ಸಾಹುಕಾರರೇ, ನಾವು ಹುಳ ತೋರಿಸಿದೆವಲ್ಲ, ಚೀಲ ಬಿಟ್ಟಿ ಕೊಡುತ್ತೀರೋ?"

"ನೀವು ತೋರಿಸಿದ್ದು ಹುಳ ಅಲ್ಲ, ಹಾವು," ಎಂದನು ವ್ಯಾಪಾರಿ.

ಕಟ್ಟೆಯ ಮೇಲಿದ್ದವರು ನಕ್ಕರು. ಅವನ ಬುದ್ಧಿ ಅಂಗಡಿಗೆ ವಾಪಸು ಬಂದಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ನೀರಿನ ಕಂಡಿಯಿಂದ ಹಾವಿನ ತಲೆ ಕಾಣಿಸಿತು. ಆಮೇಲೆ ಉಳಿದದ್ದು ಬಂತು. ಅವಸರ ಮಾಡಲಿಲ್ಲ. ಹಿತ್ತಲು ದಾಟಿತು, ಬೇಲಿ ದಾಟಿತು, ಬಂಡೆಗಳ ನಡುವೆ ಹೋಯಿತು. ಕಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ. ಅಷ್ಟು ಜನ ತನಗಾಗಿ ಇಡೀ ದಿನ ಕಾದಿದ್ದಾರೆ ಎಂಬುದು ಅದಕ್ಕೆ ಗೊತ್ತಿರಲಿಲ್ಲ.

ವ್ಯಾಪಾರಿ ಕೋಲು ತಟ್ಟುತ್ತ ಒಳಗೆ ಹೋಗಿ ಒಂದೊಂದು ಚೀಲವನ್ನೂ ತಿರುವಿ ನೋಡಿದನು. ಹನ್ನೆರಡು ದಿನದಲ್ಲಿ ಇಲಿ ಕಡಿದ ಒಂದು ಹೊಸ ತೂತೂ ಇರಲಿಲ್ಲ. ಒಂದು ಹಿಕ್ಕೆಯೂ ಇರಲಿಲ್ಲ. ಅವನು ಇದನ್ನು ಹೊರಗೆ ಬಂದು ಹೇಳಿದಾಗ ಮುದುಕಿ, "ಹಾಗಾದರೆ ವಾಪಸು ಕರೆಯಲೇ?" ಎಂದಳು. ಬೇಡ ಎಂದು ಕೈ ಮುಗಿದನು. ಗಿರಾಕಿಯ ಗಾಡಿ ತುಂಬಿ ಕಳಿಸಿದನು. ಮೇಲಿನ ಬೆಳಕಿಂಡಿಗಳಿಗೆ ಜಾಲರಿ ಹಾಕಿಸಿದನು. ಕೆಳಗಿನ ಕಂಡಿಯನ್ನು ಮಾತ್ರ ತೆರೆದೇ ಬಿಟ್ಟನು. ಅದು ದಯೆಯಲ್ಲ. ಬಂದದ್ದಕ್ಕೆ ಹೋಗಲು ದಾರಿ ಇದ್ದರೆ ಕೆಲಸ ಅಗ್ಗ ಎಂಬುದು ಅವನಿಗೆ ತಿಳಿದಿತ್ತು.

ಆ ಸಂಜೆ ಗಂಡ ಹೆಂಡತಿ ಹಿತ್ತಲ ಬಾಗಿಲಲ್ಲಿ ಕುಳಿತು ರೊಟ್ಟಿ ತಿಂದರು.

"ಅಲ್ಲಾ, ಮೊದಲೇ ಹೆಸರು ಹೇಳಿದ್ದರೆ ಏನಾಗುತ್ತಿತ್ತು?" ಎಂದನು ಗಂಡ.

"ಹೆಸರು ಹೇಳಿದರೆ ಬರುತ್ತದೆ ಅಂತ ನಮ್ಮವ್ವ ಹೇಳುತ್ತಿದ್ದಳು."

"ಹೇಳದೆಯೂ ಬಂದಿತ್ತಲ್ಲ."

ಅವಳು ಯೋಚಿಸಿದಳು. "ಹೌದು. ಹೇಳದೆ ಬಂತು, ಹೇಳಿದ ಮೇಲೆ ಹೋಯಿತು." ಆಮೇಲೆ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, "ಹನ್ನೆರಡು ದಿನ ನಿಮ್ಮನ್ನು ಗಂಡುಗಲಿ ಅಂದುಕೊಂಡಿದ್ದೆ," ಎಂದಳು.

"ಈಗ?"

"ಈಗ ಮೊದಲಿನ ಹಾಗೆಯೇ. ಅದೇ ವಾಸಿ, ನಿದ್ದೆಯಾದರೂ ಬರುತ್ತದೆ."

ವ್ಯಾಪಾರಿ ನಕ್ಕನು. ಆ ಮನೆಯಲ್ಲಿ ಆಮೇಲೆಯೂ ಗುಡ್ಡದಿಂದ ಮುಂಗುಸಿ ಬಂತು, ಉಡ ಬಂತು, ವರ್ಷಕ್ಕೊಮ್ಮೆ ಹಾವೂ ಬಂತು. ಬಂದಾಗಲೆಲ್ಲ ಹೆಂಡತಿ ಅದರದರ ಹೆಸರು ಹೇಳಿ ಕೂಗುತ್ತಿದ್ದಳು. ಗಂಡ ಅದಕ್ಕದಕ್ಕೆ ತಕ್ಕ ಬಾಗಿಲು ತೆರೆಯುತ್ತಿದ್ದನು, ಇಲ್ಲವೇ ಹಾಕುತ್ತಿದ್ದನು. ಇಬ್ಬರೂ ಸುಖವಾಗಿಯೇ ಇದ್ದರು.

ಗುರುಗಳು ಕತೆ ಮುಗಿಸಿದರು. ಶಿಷ್ಯನು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದನು.

"ಒಳ್ಳೆಯ ಪೆದ್ದ ಆ ವ್ಯಾಪಾರಿ," ಎಂದನು. "ಆದರೆ ಗುರುಗಳೇ, ಅವನ ಮನೆಯ ಹಾವಿಗೂ ನನ್ನ ಬೇಸರಕ್ಕೂ ಏನು ಸಂಬಂಧ?"

ಗುರುಗಳು ಹೇಳಿದರು: "ಬೇಸರ ಬಂದವನು ಎಲ್ಲರ ಜೊತೆ ಮಾತು ಬಿಡುತ್ತಾನೆ, ಮಗು, ನೀನು ಬಿಟ್ಟಿರುವುದು ಒಬ್ಬನ ಜೊತೆ ಮಾತ್ರ. ಅದರ ಹೆಸರು ಬೇಸರವಲ್ಲ."